ಹಿಪ್ಪಳವಾಡಿ ಪುಟದ ತಕರಾರು

2016ರ ಬೇಸಿಗೆಯಲ್ಲಿ ನಾನು ಬೀದರಿನ ಒಂದು ಪದವಿ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಅದು ಸಂಬಳದ ಕೆಲಸ. ಸಂಬಳವಿಲ್ಲದ ಇನ್ನೊಂದು ಹುದ್ದೆಯೂ ನನಗಿತ್ತು. ಅಂತರ್ಜಾಲದಲ್ಲಿ ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಕನ್ನಡದ ಒಂದು ವಿಶ್ವಕೋಶಕ್ಕೆ ನಾನು ನಿರ್ವಾಹಕ. ನಿರ್ವಾಹಕ ಎಂದ ಕೂಡಲೇ ಬಸ್ಸಿನ ಕಂಡಕ್ಟರ್ ಕಣ್ಣ ಮುಂದೆ ಬಂದರೆ ತಪ್ಪೇನಿಲ್ಲ, ಕೆಲಸ ಹೆಚ್ಚುಕಡಿಮೆ ಅದೇ. ಎಲ್ಲರೂ ಹತ್ತಬಹುದು, ಆದರೆ ಒಬ್ಬರು ಇನ್ನೊಬ್ಬರ ಕಾಲು ತುಳಿಯದಂತೆ ನೋಡಿಕೊಳ್ಳಬೇಕು. ಚಿದ್ರಿಯ ನಮ್ಮ ಮನೆಯಲ್ಲಿ ಸಂಜೆಯ ಚಹಾ ಮುಗಿಸಿ ನಾನು ಕಂಪ್ಯೂಟರ್ ಮುಂದೆ ಕೂತರೆ, "ನೋಡ್ರಿ, ಕೋರ್ಟ್ ಸುರು ಆಯ್ತು" ಎಂದು ಹೆಂಡತಿ ಟೀಕೆ ಮಾಡುತ್ತಿದ್ದಳು.

ಆ ವರ್ಷ ನಮ್ಮ ಕಡೆ ನೀರಿನ ಪರಿಸ್ಥಿತಿ ಹೇಗಿತ್ತೆಂಬುದನ್ನು ಬೀದರ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಔರಾದ ತಾಲೂಕಿನ ಊರುಗಳಿಗೆ ಟ್ಯಾಂಕರ್ ಬರುತ್ತಿತ್ತು, ಬಸ್ಸುಗಳು ಗಂಟುಮೂಟೆ ಹೊತ್ತವರಿಂದ ತುಂಬಿ ಹೈದರಾಬಾದಿಗೆ ಹೋಗುತ್ತಿದ್ದವು. ಅಂಥ ದಿನಗಳಲ್ಲಿ ಠಾಣಾ ಕುಶನೂರಿನ ಆಚೆಗಿನ ಒಂದು ಸಣ್ಣ ಊರಿನ ಪುಟ ನನ್ನ ನಿದ್ದೆ ಕೆಡಿಸಿತು. ಊರಿನ ಹೆಸರನ್ನು ಇಲ್ಲಿ ಬದಲಿಸಿ ಹಿಪ್ಪಳವಾಡಿ ಎಂದು ಕರೆಯುತ್ತೇನೆ. ಪುಟದಲ್ಲಿ ಇದ್ದದ್ದೇ ಹತ್ತು ಹನ್ನೆರಡು ಸಾಲು. ತೊಗರಿ, ಸೋಯಾ, ಜೋಳ ಬೆಳೆಯುತ್ತಾರೆ ಎಂಬ ಸಾಲಿಗೆ ಯಾರ ತಕರಾರೂ ಇರಲಿಲ್ಲ. ಜಗಳ ಹತ್ತಿದ್ದು ಈ ಒಂದು ಸಾಲಿಗೆ: "ಊರಿನ ಬೌದ್ಧ ಕುಟುಂಬಗಳು ಎಪ್ಪತ್ತೆರಡರ ಬರಗಾಲದಲ್ಲಿ ಮಹಾರಾಷ್ಟ್ರದ ಕಡೆಯಿಂದ ಕೂಲಿ ಹುಡುಕಿಕೊಂಡು ವಲಸೆ ಬಂದವು."

ಈ ಸಾಲು ಬರೆದವರು ವೀರಶೆಟ್ಟಪ್ಪ. ಔರಾದದಲ್ಲಿ ಕೃಷಿ ಇಲಾಖೆಯ ನೌಕರಿಯಿಂದ ಆಗಷ್ಟೇ ನಿವೃತ್ತರಾಗಿದ್ದರು. ಬೆಳಗ್ಗೆ ಲಿಂಗಪೂಜೆ ಮುಗಿಸಿದರೆ ಮಧ್ಯಾಹ್ನದವರೆಗೆ ವಿಶ್ವಕೋಶವೇ ಅವರ ಕಾಯಕ. ತಾಲೂಕಿನ ಒಂದೊಂದೇ ಊರಿಗೆ ಪುಟ ಕಟ್ಟುತ್ತ ಬಂದ ಮನುಷ್ಯ. ಅವರಿಲ್ಲದಿದ್ದರೆ ಔರಾದ ಕಡೆಯ ಅರ್ಧ ಹಳ್ಳಿಗಳು ನಮ್ಮ ವಿಶ್ವಕೋಶದಲ್ಲಿ ಇರುತ್ತಲೇ ಇರಲಿಲ್ಲ.

ಸಾಲನ್ನು ಅಳಿಸಿದವರು ಸುಜಾತಾ. ಭಾಲ್ಕಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ, ಹುಟ್ಟಿದ್ದು ಹಿಪ್ಪಳವಾಡಿಯ ಆ ಬೌದ್ಧ ಓಣಿಯಲ್ಲೇ, ಬೌದ್ಧ ಧರ್ಮಕ್ಕೆ ಬಂದ ದಲಿತರ ಓಣಿ ಅದು. ಆಕೆಯೂ ನಮ್ಮಲ್ಲಿ ಎರಡು ವರ್ಷದಿಂದ ಬರೆಯುತ್ತಿದ್ದರು, ಹೆಚ್ಚಾಗಿ ಗಿಡಮರಗಳ ಬಗ್ಗೆ. ಸಾಲು ಅಳಿಸಿ ಅದರ ಜಾಗದಲ್ಲಿ "ಬೌದ್ಧ ಕುಟುಂಬಗಳು ಊರಿನ ಮೂಲ ನಿವಾಸಿಗಳು" ಎಂದು ಬರೆದರು. ವೀರಶೆಟ್ಟಪ್ಪ ಹಳೆಯದನ್ನು ಮರಳಿ ತಂದರು. ಆಕೆ ಮತ್ತೆ ಅಳಿಸಿದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹೀಗೆ ಹಿಂದಕ್ಕೆ ತಿರುಗಿಸುವುದಕ್ಕೆ ನಾವು ರಿವರ್ಟ್ ಎನ್ನುತ್ತೇವೆ. ರಿವರ್ಟ್ ಮಿತಿಮೀರಿದರೆ ನಿರ್ವಾಹಕ ಪುಟಕ್ಕೆ ಬೀಗ ಹಾಕಬಹುದು. ನಾನು ಒಂದು ವಾರಕ್ಕೆ ಬೀಗ ಹಾಕಿ ಇಬ್ಬರಿಗೂ ಫೋನ್ ಮಾಡಿದೆ.

ಸುಜಾತಾ ಮೊದಲು ತಾಯಿಯ ಮಾತು ಎತ್ತಿದರು. "ಸರ್, ನಮ್ಮೂರಾಗ ಟ್ಯಾಂಕರ್ ಬಂದಾಗ ಪಾಳಿ ಹಚ್ತಾರ. ಮೊನ್ನಿ ನಮ್ಮವ್ವ ಕೊಡ ಹಿಡ್ಕೊಂಡು ನಿಂತಾಗ ಒಬ್ಬಾಂವ ಮೊಬೈಲ್ ತೋರಿಸಿ, ನೀವು ಹೊರಗಿಂದ ಬಂದವರು ಹಿಂದ ನಿಲ್ರಿ, ಇಂಟರ್ನೆಟ್‌ನ್ಯಾಗೇ ಬರದದ ಅಂದಾನ. ನಮ್ಮವ್ವ ಖಾಲಿ ಕೊಡ ತಗೊಂಡು ಮನಿಗಿ ಬಂದಾಳ್ರಿ. ಪಾಳಿಗಿ ಮತ್ತ ಹೋಗಿಲ್ಲ."

ಆಮೇಲೆ ವಿಷಯ ಹೇಳಿದರು. ಎಪ್ಪತ್ತೆರಡರ ಬರದಲ್ಲಿ ಅವರ ಓಣಿಯವರು ಊರು ಬಿಟ್ಟದ್ದು ನಿಜ. ಮನೆಗಳಿಗೆ ಬೀಗ ಹಾಕಿ ಗಡಿಯಾಚೆ ಮಹಾರಾಷ್ಟ್ರದ ದೇಗಲೂರು ಕಡೆ ರಸ್ತೆ ಕೆಲಸಕ್ಕೆ ಹೋದರು, ಮಳೆ ಬಂದ ಮೇಲೆ ತಿರುಗಿ ಬಂದರು. "ಹೋಗಿ ಬಂದವರ್ರಿ ನಾವು. ಬಂದವರಲ್ಲ."

ವೀರಶೆಟ್ಟಪ್ಪನವರದೂ ಸುಳ್ಳಲ್ಲ. "ನಾ ಕಣ್ಣಾರೆ ನೋಡೀನಿ. ನಮ್ಮ ಹೊಲ ಹಿಪ್ಪಳವಾಡಿ ರಸ್ತಾದ ಮ್ಯಾಗ, ಆ ಓಣಿ ಎದುರಿಗೇ ಅದ. ಆಗ ಹೈಸ್ಕೂಲ್ ಓದ್ತಿದ್ದೆ. ದೇಗಲೂರು ಕಡಿಯಿಂದ ತೆಲಿ ಮ್ಯಾಗ ಗಂಟು ಹೊತ್ಕೊಂಡು ಸಾಲು ಹಿಡಿದು ಬಂದ್ರು. ಇದ್ದದ್ದು ಬರೆದೀನಿ, ಅದ್ರಾಗ ಯಾರ ಅಪಮಾನ ಅದ?" ಸಾಲಿಗೆ ಅವರು ಆಧಾರವನ್ನೂ ಕೊಟ್ಟಿದ್ದರು, ಒಂದು ಸಹಕಾರ ಸಂಘದ ಸ್ಮರಣ ಸಂಚಿಕೆಯ ಲೇಖನ. ಆ ಲೇಖನ ಬರೆದವರೂ ಅವರೇ.

ನಮ್ಮ ವಿಶ್ವಕೋಶದ ಕಟ್ಟಳೆ ಹೊರಗಿನವರಿಗೆ ವಿಚಿತ್ರ ಕಾಣುತ್ತದೆ. ಒಂದು ಮಾತು ಖರೆ ಎಂದರೆ ಸಾಲದು. ಲೇಖಕನಿಗೆ ಸಂಬಂಧವಿಲ್ಲದ, ನಂಬಬಹುದಾದ ಪ್ರಕಟಿತ ಆಧಾರ ಬೇಕು. ಭಿನ್ನಾಭಿಪ್ರಾಯ ಬಂದರೆ ಕೈ ಎತ್ತಿಸಿ ಮತ ಎಣಿಸುವುದಿಲ್ಲ. ಪ್ರತಿ ಪುಟಕ್ಕೂ ಬೆನ್ನಿಗೆ ಅಂಟಿಕೊಂಡಂತೆ ಒಂದು ಚರ್ಚೆ ಪುಟ ಇರುತ್ತದೆ, ವಾದವೆಲ್ಲ ಅಲ್ಲೇ ಬರವಣಿಗೆಯಲ್ಲಿ ಆಗಬೇಕು. ಯಾರು ಯಾವಾಗ ಏನೆಂದರು ಎಂಬುದನ್ನು ಹತ್ತು ವರ್ಷದ ನಂತರ ಬಂದವನೂ ಓದಬಹುದು.

ಇಷ್ಟೆಲ್ಲ ಗೊತ್ತಿದ್ದೂ ನಾವು ಮೂವರು ಪಕ್ಕಾ ಬೀದರಿನವರ ಹಾಗೆ ನಡೆದುಕೊಂಡೆವು. "ಟೈಪ್ ಮಾಡಿ ಜಗಳ ಹ್ಯಾಂಗ ಮುಗೀತದ? ಎದುರಾಬದುರಾ ಕೂತು ಫೈಸಲಾ ಮಾಡೋಣ್ರಿ" ಎಂದರು ವೀರಶೆಟ್ಟಪ್ಪ. ನನಗೂ ಸರಿ ಎನಿಸಿತು. ಗಾಂಧಿ ಗಂಜದಲ್ಲಿ ನಮ್ಮಣ್ಣನ ಅಡತ ಅಂಗಡಿ ಇದೆ, ರೈತರ ಕಾಳು ಮಾರಿಸಿಕೊಡುವ ದಲಾಲಿ ಅಂಗಡಿ. ಅಲ್ಲಿ ಹಳೆಯ ಕಾಲದಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಮಾತಾಡುತ್ತಿದ್ದರು. ಟವೆಲ್ ತೆಗೆದಾಗ ವ್ಯವಹಾರ ಮುಗಿದಿರುತ್ತಿತ್ತು, ನಡುವೆ ಯಾರು ಎಷ್ಟು ಜಗ್ಗಿದರು ಎಂಬುದು ಮೂರನೆಯವನಿಗೆ ತಿಳಿಯುತ್ತಿರಲಿಲ್ಲ. ಆ ಅಂಗಡಿಯ ಗಾದಿಯ ಮೇಲೆ ಒಂದು ಭಾನುವಾರ ಮೂವರೂ ಕೂತೆವು. ಚಹಾ ಬಂತು, ಕುಶಲ ವಿಚಾರಿಸಿದ್ದಾಯಿತು. ಸುಜಾತಾ ಅವರ ದೊಡ್ಡಪ್ಪನ ಪರಿಚಯ ವೀರಶೆಟ್ಟಪ್ಪನವರಿಗೆ ಇತ್ತೆಂದು ಗೊತ್ತಾಯಿತು. ಆಮೇಲೆ ನಾನೇ ಒಂದು ನಡುದಾರಿಯ ಸಾಲು ಬರೆದೆ: "ಬೌದ್ಧ ಕುಟುಂಬಗಳು ಬರಗಾಲದಲ್ಲಿ ವಲಸೆ ಬಂದವೆಂದು ಕೆಲವರು, ಮೊದಲಿನಿಂದ ಇದ್ದವೆಂದು ಕೆಲವರು ಹೇಳುತ್ತಾರೆ."

"ಛಲೋ ಆಯ್ತು" ಎಂದರು ವೀರಶೆಟ್ಟಪ್ಪ. ಸುಜಾತಾ ಚಹಾದ ಕಪ್ಪು ನೋಡುತ್ತ ತಲೆಯಾಡಿಸಿದರು. ನಾನು ಮನೆಗೆ ಬಂದು ಬೀಗ ತೆಗೆದು ಒಪ್ಪಂದ ಆಗಿದೆ ಎಂಬ ಟಿಪ್ಪಣಿಯೊಂದಿಗೆ ಸಾಲು ಸೇರಿಸಿ, ಹೆಂಡತಿಗೆ ಜಂಬದಿಂದ ಹೇಳಿಕೊಂಡೆ.

ಮರುದಿನ ಮಧ್ಯಾಹ್ನಕ್ಕೆ ಸಾಲು ಮಾಯ. ಕರಾವಳಿ ಕಡೆಯ ಒಬ್ಬ ಸಂಪಾದಕಿ, ನಮ್ಮ ಮುಖ ನೋಡದವರು, ಅದನ್ನು ತೆಗೆದುಹಾಕಿ ಚರ್ಚೆ ಪುಟದಲ್ಲಿ ಎರಡೇ ಪ್ರಶ್ನೆ ಬರೆದಿದ್ದರು: "ಈ ಕೆಲವರು ಯಾರು? ಒಪ್ಪಂದ ಆಗಿದೆ ಎಂದಿದ್ದೀರಿ, ಎಲ್ಲಿ ಆಯಿತು?"

ನನಗೆ ಮೈ ಉರಿಯಿತು. ಸಮುದ್ರದ ದಂಡೆಯಲ್ಲಿ ಕೂತವರಿಗೆ ಔರಾದದ ಬಿಸಿಲು ಏನು ಗೊತ್ತು? ವೀರಶೆಟ್ಟಪ್ಪ ಫೋನ್‌ನಲ್ಲಿ ಇನ್ನೂ ಜೋರಾದರು: "ನಮ್ಮ ಮನಿ ಜಗಳದಾಗ ಮಂದಿ ಯಾಕ ಬರ್ತಾರ?" ಖಾರವಾದ ಉತ್ತರವೊಂದನ್ನು ನಾನು ಟೈಪ್ ಮಾಡುತ್ತಿದ್ದೆ. ಅಷ್ಟರಲ್ಲಿ ಚರ್ಚೆ ಪುಟದಲ್ಲಿ ಸುಜಾತಾ ಬರಹ ಕಾಣಿಸಿತು.

"ಒಪ್ಪಂದ ಗಾಂಧಿ ಗಂಜದ ಅಂಗಡಿಯಲ್ಲಿ ಆಯಿತು. ನಾನು ತಲೆಯಾಡಿಸಿದೆ, ಒಪ್ಪಿರಲಿಲ್ಲ. ತಂದೆಯ ವಯಸ್ಸಿನವರು, ನಮ್ಮ ದೊಡ್ಡಪ್ಪನ ಗುರುತಿನವರು, ಎದುರಿಗೆ ಕೂತು ಚಹಾ ಕುಡಿಸಿದ ಮೇಲೆ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಇಲ್ಲಿ ಬರೆಯಬಲ್ಲೆ. ನಾನು ಆ ಸಾಲನ್ನು ಒಪ್ಪುವುದಿಲ್ಲ."

ಇದನ್ನು ಓದಿ ನಾನು ಟೈಪ್ ಮಾಡಿದ್ದನ್ನೆಲ್ಲ ಅಳಿಸಿದೆ. ಚರ್ಚೆ ಬರವಣಿಗೆಯಲ್ಲೇ ಆಗಬೇಕೆಂಬ ಕಟ್ಟಳೆಯನ್ನು ವರ್ಷಗಟ್ಟಲೆ ಹೊಸಬರಿಗೆ ಪಾಠ ಮಾಡಿದವನು ನಾನು. ಅದು ಕಾಗದಪತ್ರದ ಶಿಸ್ತು ಎಂದೇ ತಿಳಿದಿದ್ದೆ. ಸಣ್ಣವರಿಗೆ ದೊಡ್ಡವರ ಮುಂದೆ ಇಲ್ಲ ಎನ್ನಲು ಜಾಗ ಕೊಡುವ ಕಟ್ಟಳೆ ಅದು ಎಂಬುದು ಅವತ್ತು ತಲೆಗೆ ಹೋಯಿತು. ನಡುದಾರಿಯ ಸಾಲು ಬರೆದವನು ನಾನೇ ಆದ್ದರಿಂದ ಈ ಪುಟದ ಮಟ್ಟಿಗೆ ನಾನು ನಿರ್ವಾಹಕನಲ್ಲ, ಬರೀ ಒಬ್ಬ ಪಕ್ಷಗಾರ ಎಂದು ಚರ್ಚೆ ಪುಟದಲ್ಲಿ ಹೇಳಿಕೆ ಹಾಕಿದೆ. ಇನ್ನು ಮುಂದೆ ಫೋನೂ ಬೇಡ, ಚಹಾನೂ ಬೇಡ, ಏನಿದ್ದರೂ ಇಲ್ಲೇ ಬರೆಯೋಣ ಎಂದೂ ಬರೆದೆ. ಈ ಸಲ ಪಟ್ಟು ಬಿಡಬಾರದೆಂದು ನಿಶ್ಚಯಿಸಿದ್ದೆ.

ಸುಜಾತಾ ವೀರಶೆಟ್ಟಪ್ಪನವರಿಗೆ ಎಲ್ಲರೂ ಓದುವಂತೆ ಒಂದು ಪ್ರಶ್ನೆ ಕೇಳಿದರು: "ನೀವು ನಮ್ಮವರು ಬರುವುದನ್ನು ನೋಡಿದ್ದೀರಿ. ಹೋಗುವುದನ್ನು ನೋಡಿದ್ದೀರಾ?"

ಎರಡು ದಿನ ಉತ್ತರ ಬರಲಿಲ್ಲ. ವೀರಶೆಟ್ಟಪ್ಪ ಸಿಟ್ಟಾಗಿ ಬರೆಯುವುದನ್ನೇ ಬಿಟ್ಟರೇನೋ ಎಂದು ನನಗೆ ಆತಂಕವಾಗಿತ್ತು. ಅಂಥ ದುಡಿಯುವ ಸಂಪಾದಕ ನಮಗೆ ಮತ್ತೆ ಎಲ್ಲಿ ಸಿಗಬೇಕು? ಮೂರನೆಯ ದಿನ ಬಂದ ಉತ್ತರ ನನಗೆ ಇಂದಿಗೂ ಬಾಯಿಪಾಠ.

"ನೋಡಿಲ್ಲ. ಅವರು ಹೋಗುವಾಗ ನಾನು ಬೀದರಿನ ಹಾಸ್ಟೆಲಿನಲ್ಲಿದ್ದೆ, ಬಂದಾಗ ರಜೆಯಲ್ಲಿ ಊರ ಕಡೆ ಇದ್ದೆ. ಎರಡು ದಿನ ನೆನಪು ಮಾಡಿಕೊಂಡೆ. ಆ ಜನ ಗಂಟು ಹೊತ್ತು ಬಂದರು, ಯಾರನ್ನೂ ಜಾಗ ಕೇಳಲಿಲ್ಲ. ಸೀದಾ ಓಣಿಗೆ ಹೋಗಿ ಮನೆಗಳ ಬೀಗ ತೆಗೆದರು. ಹೊಸದಾಗಿ ಬಂದವರ ಹತ್ತಿರ ಕೀಲಿಕೈ ಹೇಗಿರಬೇಕು? ಅದನ್ನೂ ಕಂಡಿದ್ದೆ, ಬರೆಯುವಾಗ ಹೊಳೆಯಲಿಲ್ಲ. ಆ ಸಾಲನ್ನು ನಾನು ಹಿಂದಕ್ಕೆ ಪಡೆಯುತ್ತೇನೆ." ಅದರ ಕೆಳಗೇ, ಪುಟದ ಆಧಾರಗಳ ಪಟ್ಟಿಯಲ್ಲಿ ಉಳಿದಿದ್ದ ಲೇಖನ ನನ್ನದೇ ಆದ್ದರಿಂದ ಅದನ್ನೂ ತೆಗೆದಿದ್ದೇನೆ ಎಂದು ಬರೆದಿದ್ದರು.

ಅರವತ್ತು ದಾಟಿದ ಗಂಡಸು ನಾಕು ಮಂದಿ ಓದುವ ಕಡೆ ಹೀಗೆ ಬರೆದದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಅವರ ಮೇಲೆ ನನಗೆ ಬಹಳ ಪ್ರೀತಿ ಬಂತು.

ಆದರೆ ಕೆಲಸ ಇನ್ನೂ ಅರ್ಧ ಬಾಕಿ ಇತ್ತು, ಮತ್ತು ಅದು ಹೆಚ್ಚು ಕಷ್ಟದ ಅರ್ಧ. ಸುಜಾತಾ ಈಗ ತಮ್ಮ "ಮೂಲ ನಿವಾಸಿಗಳು" ಸಾಲು ಮರಳಿ ಬರಬೇಕೆಂದರು. ನಾನು ಆಧಾರ ಕೇಳಿದೆ. "ನಮ್ಮವ್ವ ಅದಾಳ್ರಿ, ಕೀಲಿ ಹಾಕಿ ಹೋದಾಕಿ ಆಕಿನೇ. ಈಗ ವೀರಶೆಟ್ಟಪ್ಪ ಸರ್‌ನೂ ಒಪ್ಯಾರ. ಇನ್ನೇನು ಬೇಕ್ರಿ?" ಎಂದು ಚರ್ಚೆ ಪುಟದಲ್ಲಿ ಊರ ಮಾತಿನಲ್ಲೇ ಬರೆದುಬಿಟ್ಟರು. ಅವರ ತಾಯಿಯ ಮಾತನ್ನು ನಾನು ಪೂರ್ತಿ ನಂಬಿದ್ದೆ. ಹಾಗೆಂದು ಬರೆದೂ ಬರೆದೆ. ಆದರೆ ಸ್ವಂತ ನೆನಪು ಆಧಾರವಲ್ಲ ಎಂದು ವೀರಶೆಟ್ಟಪ್ಪನವರಿಗೆ ಹಚ್ಚಿದ ಗಜಕಡ್ಡಿಯನ್ನು ಅವರ ತಾಯಿಗೆ ಹಚ್ಚದೆ ಬಿಟ್ಟರೆ, ನಾಳೆ ಇನ್ನೊಬ್ಬ ತನ್ನ ಅಜ್ಜನ ನೆನಪು ತಂದು ಇದೇ ಓಣಿಯವರನ್ನು ಮತ್ತೆ ಹೊರಗಿನವರು ಮಾಡುತ್ತಾನೆ. ಮೂಲ ಯಾರು ಎಂಬ ಪ್ರಶ್ನೆ ಎತ್ತಿದರೆ ಉಳಿದ ಮನೆಗಳಿಗೂ ಆಧಾರ ಕೇಳಬೇಕಾಗುತ್ತದೆ, ಯಾರ ಹತ್ತಿರ ಇದೆ? ಇದನ್ನೆಲ್ಲ ಬರೆದು ಕಾಯುತ್ತ ಕೂತೆ. ಒಂದು ವಾರ ವಾದ ನಡೆಯಿತು. ಆಕೆ ನನ್ನನ್ನು ಕಲ್ಲು ಎಂದು ಕರೆದರು. ಕರಾವಳಿಯ ಸಂಪಾದಕಿ ನನಗೆ ಹೆಗಲು ಕೊಟ್ಟರು. ಕೊನೆಗೆ ಸುಜಾತಾ ಬರೆದರು: "ಸಿಟ್ಟು ಇದೆ. ಒಪ್ಪಿದ್ದೇನೆ. ಈ ಸಲ ಖರೆಯಾಗಿ ಒಪ್ಪಿದ್ದೇನೆ."

ಊರಿನ ಜನರ ಬಗ್ಗೆ ಪುಟದಲ್ಲಿ ಉಳಿದದ್ದು ಇಷ್ಟು: "ಊರಿನಲ್ಲಿ ಬೌದ್ಧ ಮತ್ತು ಹಿಂದೂ ಕುಟುಂಬಗಳು ವಾಸಿಸುತ್ತವೆ."

ಟ್ಯಾಂಕರ್ ಪಾಳಿಯ ಮಾತು ಮಾತ್ರ ನನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಪುಟ ತಿದ್ದಿದ ಮಾತ್ರಕ್ಕೆ ಕೊಡ ತುಂಬುತ್ತದೆಯೇ? ಆ ವಿಚಾರ ವೀರಶೆಟ್ಟಪ್ಪನವರಿಗೂ ಬಂದಿತ್ತು. "ವಿಶ್ವಕೋಶ ನನ್ನ ಗವಾಹಿ, ಕಣ್ಣಾರೆ ಕಂಡ ಸಾಕ್ಷಿ, ತಗೋದಿಲ್ಲ, ಊರು ತಗೋತದ. ನಡೀರಿ, ಹೋಗೋಣ" ಎಂದು ಫೋನ್ ಮಾಡಿದರು. ಮೂವರೂ ಠಾಣಾ ಕುಶನೂರಿನ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಹಿಪ್ಪಳವಾಡಿಗೆ ಹೋದೆವು. ಟ್ಯಾಂಕರ್ ಬರುವ ಹೊತ್ತಿಗೆ ವೀರಶೆಟ್ಟಪ್ಪ ಪಾಳಿಯ ಮುಂದೆ ನಿಂತು, ಆ ಸಾಲು ಬರೆದವನು ನಾನೇ, ಅದು ತಪ್ಪಾಗಿತ್ತು, ಇವರು ಬೀಗ ತೆಗೆದು ಮನೆ ಹೊಕ್ಕದ್ದನ್ನು ನಾನೇ ನೋಡಿದ್ದೇನೆ ಎಂದು ಗಟ್ಟಿಯಾಗಿ ಹೇಳಿದರು. ಒಬ್ಬ ಮುದುಕ "ಖರೆ ಅದ" ಎಂದ. ಸುಜಾತಾ ಅವರ ತಾಯಿ ಸೋನಾಬಾಯಿ ಮನೆಯಿಂದ ಕೊಡ ತಂದು ಪಾಳಿಯಲ್ಲಿ ತಮ್ಮ ಜಾಗಕ್ಕೆ ನಿಂತರು.

ನೀರು ತಂದಾದ ಮೇಲೆ ಅವರ ಮನೆಯ ಕಟ್ಟೆಯ ಮೇಲೆ ಕೂತೆವು. ಸೋನಾಬಾಯಿ ಮಗಳಿಗೆ ಮೊಬೈಲ್ ತೆಗೆದು ಪುಟ ಓದಲು ಹೇಳಿದರು. ಸುಜಾತಾ ಓದಿದರು.

"ನಾವು ಎಲ್ಲಿಂದ ಬಂದೀವಿ ಅಂತ ಬರದದೇನು?"

"ಇಲ್ಲವ್ವ. ನಾವು ಮೊದಲಿನವರು ಅಂತ ಬರಿಬೇಕಂದೆ, ಇವರು ಬಿಡಲಿಲ್ಲ." ಸುಜಾತಾ ನನ್ನ ಕಡೆ ನೋಡಿದರು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಮತ್ತ ಆ ಗೌಡರ ಮನಿಯವರದು? ಅಂಗಡಿ ಶೆಟ್ಟರದು?"

"ಯಾರದೂ ಬರದಿಲ್ಲ."

ಸೋನಾಬಾಯಿ ನಕ್ಕರು. "ಹಂಗಾದ್ರ ಸರಿ ಅದ. ಎಲ್ಲಿಂದ ಬಂದಿ ಅಂತ ಕೇಳಿದ್ರ ನಾ ಭಾಲ್ಕಿ ಕಡಿಯಿಂದ ಸೊಸಿಯಾಗಿ ಬಂದಾಕಿ. ಊರಾಗಿನ ಹೆಣ್ಮಕ್ಕಳೆಲ್ಲ ಎಲ್ಲಿಂದೋ ಬಂದವರೇ. ಮನಿಯವರಿಗಿ ಎಲ್ಲಿಂದ ಬಂದಿ ಅಂತ ಯಾರು ಕೇಳ್ತಾರ? ಬೀಗರಿಗಿ ಕೇಳ್ತಾರ." ಆಮೇಲೆ ವೀರಶೆಟ್ಟಪ್ಪನವರ ಕಡೆ ತಿರುಗಿ ಕೇಳಿದರು, "ನೀವು ಎಲ್ಲಿಂದ ಬಂದೀರಿ ಸಾಹೇಬ್ರ, ನೀರು ಕುಡೀತೀರೇನು?" ವೀರಶೆಟ್ಟಪ್ಪ ಎರಡೂ ಕೈ ಚಾಚಿ ತಂಬಿಗೆ ತಗೊಂಡರು.

ನಾನು ಇಂದಿಗೂ ಆ ಸಂಬಳವಿಲ್ಲದ ಹುದ್ದೆಯಲ್ಲಿದ್ದೇನೆ. ಹೊಸ ಊರಿನ ಪುಟ ತೆರೆದಾಗ ಬೆಳೆ, ಮಳೆ, ಜನಸಂಖ್ಯೆ ಆಮೇಲೆ ನೋಡುತ್ತೇನೆ. ಈ ಊರಿನಲ್ಲಿ ಯಾರು ಎಲ್ಲಿಂದ ಬಂದರು ಎಂದು ಬರೆದಿದ್ದಾರೆ, ಯಾರ ಬಗ್ಗೆ ಬರೆದಿಲ್ಲ ಎಂಬುದನ್ನು ಮೊದಲು ನೋಡುತ್ತೇನೆ. ಒಂದೇ ಓಣಿಯವರ ಬಗ್ಗೆ ಬರೆದಿದ್ದರೆ ಚರ್ಚೆ ಪುಟ ತೆರೆದು ಕೇಳುತ್ತೇನೆ: ಎಲ್ಲರದೂ ಆಧಾರ ಸಮೇತ ಬರೆಯುತ್ತೀರೋ, ಇದನ್ನೂ ತೆಗೆಯುತ್ತೀರೋ?