ಕೌದಿಗೊಂದು ಟೇಬಲ್ಲು

ನಿನ್ನೆ ಮನೆಗೆ ಬಂದಿದ್ದ ಹೊಸ ಪರಿಚಯದವರೊಬ್ಬರು ಚಹಾ ಕುಡಿಯುತ್ತ ಮತ್ತೆ ಮತ್ತೆ ಮೂಗು ಏರಿಸುತ್ತಿದ್ದರು. ಆಮೇಲೆ ಬಹಳ ಮರ್ಯಾದೆಯಿಂದ, ನಾನು ತಂಬಾಕು ತಿನ್ನುತ್ತೇನೆಯೇ ಎಂದು ಕೇಳಿದರು. ಇಲ್ಲವೆಂದೆ. ಅವರು ನಂಬಲಿಲ್ಲ. ಚಿಕ್ಕೋಡಿಯಲ್ಲಿ ಐವತ್ತು ದಾಟಿದ ಗಂಡಸು ತಂಬಾಕು ಮುಟ್ಟುವುದಿಲ್ಲ ಎಂದರೆ ನಂಬುವವರು ಕಡಿಮೆ, ಅದರಲ್ಲೂ ಅವನ ಮನೆಯೇ ಹಾಗೆ ನಾರುತ್ತಿರುವಾಗ. ವಾಸನೆ ಬರುವುದು ನನ್ನಿಂದಲ್ಲ, ಒಳಕೋಣೆಯ ಟೇಬಲ್ಲಿನಿಂದ. ಬಿಸಿಲೇರಿ ಮೇಲಿನ ತಗಡು ಕಾಯ್ದಿತೆಂದರೆ ಅದರ ಹಲಗೆಗೆ ತನ್ನ ಹಿಂದಿನ ಸಂಸಾರ ನೆನಪಾಗುತ್ತದೆ. ಈ ಕಥೆಯನ್ನು ಅವರಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ಕುಳಿತುಕೊಳ್ಳಿ. ಖುರ್ಚಿಯೋ ನೆಲವೋ, ನಿಮ್ಮಿಷ್ಟ.

ನನ್ನ ಹೆಂಡತಿ ಇಂದಿರಾ ಕೌದಿ ಹೊಲಿಯುವವಳು. ಕೌದಿ ನಿಮಗೆ ಗೊತ್ತಿರಬೇಕು: ಹಳೆಯ ಸೀರೆ, ಧೋತರ, ಮಕ್ಕಳ ಹರಿದ ಅಂಗಿ ಎಲ್ಲವನ್ನೂ ಪದರ ಪದರವಾಗಿ ಹಾಸಿ, ಉದ್ದಕ್ಕೂ ದಾರ ಓಡಿಸಿ ಮಾಡುವ ಹೊದಿಕೆ. ನಿಪ್ಪಾಣಿ ಕಡೆಯ ಮರಾಠಿ ಮನೆಗಳಲ್ಲಿ ಇದನ್ನೇ ವಾಕಳ ಎನ್ನುತ್ತಾರೆ. ಇದು ಒಬ್ಬರ ಕೆಲಸವಲ್ಲ. ಪಡಸಾಲೆಯ ತುಂಬ ಬಟ್ಟೆ ಹರಡಿ, ಅದರ ಮೇಲೆಯೇ ಹೆಂಗಸರು ಒಂದೊಂದು ಮೂಲೆ ಹಿಡಿದು ಕುಳಿತು, ಅಂಚಿನಿಂದ ನಡುವಿಗೆ ಹೊಲಿಯುತ್ತ ಬರುತ್ತಾರೆ. ಕುಳಿತವರ ಭಾರಕ್ಕೆ ಪದರಗಳು ಸರಿಯುವುದಿಲ್ಲ. ಪಕ್ಕದ ಮನೆಯ ಸುರೇಖಾ ವೈನಿ, ಓಣಿಗೆಲ್ಲ ಅತ್ತಿಗೆ, ನಿತ್ಯ ಬರುತ್ತಿದ್ದರು. ಹಿಂದಿನ ಓಣಿಯ ಬಾಳಕ್ಕ ಕಬ್ಬಿನ ಕೆಲಸವಿಲ್ಲದ ದಿನ ಬರುತ್ತಿದ್ದಳು. ಉಳಿದವರು ಬಂದು ಹೋಗಿ ಮಾಡುತ್ತಿದ್ದರು. ಶಾಲೆಯ ಕಚೇರಿ ಕೆಲಸ ಮುಗಿಸಿ ಬಂದ ನಾನು ನನ್ನದೇ ಮನೆಯಲ್ಲಿ ಗೋಡೆ ಹಿಡಿದು ಕಳ್ಳನ ಹಾಗೆ ಒಳಗೆ ಹೋಗಬೇಕು. ಹೋದೊಡನೆ ಹೊರಗೆ ಗೊಳ್ಳೆಂದು ನಗೆ. ನನ್ನ ಬಗ್ಗೆಯೇ ನಕ್ಕರೆಂದು ನನಗೆ ಖಾತ್ರಿ, ಆದರೆ ಕೇಳುವ ಧೈರ್ಯವಿರಲಿಲ್ಲ. ಕೌದಿ ಮುಗಿದ ದಿನ ಹೋಳಿಗೆ. ಕೊನೆಯ ಮೂಲೆ ಮುಚ್ಚುವ ಮುಂಚೆ ಹೋಳಿಗೆಯ ಒಂದು ಚೂರು ಒಳಗಿಡುತ್ತಾರೆ, ಕೌದಿ ಹಸಿದ ಹೊಟ್ಟೆಯಲ್ಲಿರಬಾರದೆಂದು. ಮಿಕ್ಕದ್ದು ಹೊಲಿದವರಿಗೆ. ಅವರಿಂದ ಉಳಿದರೆ ನನಗೆ.

ಆಮೇಲೆ ಇಂದಿರಾಳ ಮೊಣಕಾಲು ಕೈಕೊಟ್ಟವು. ಡಾಕ್ಟರು ಫೋಟೋ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, ಇನ್ನು ಮೇಲೆ ನೆಲದ ಮೇಲೆ ಕೂರುವುದನ್ನು ಮರೆತುಬಿಡಿ ಎಂದರು. ಅವಳು ಬಸ್ಸಿನಲ್ಲಿ ಇಡೀ ದಾರಿ ಮೊಣಕಾಲು ನೀವಿಕೊಳ್ಳುತ್ತ ಕುಳಿತಿದ್ದಳು. ನೋವಿಗೆ ಹೆದರಿದ್ದಾಳೆ ಅಂದುಕೊಂಡೆ. ಮನೆಗೆ ಬಂದು ಚಪ್ಪಲಿ ಕಳಚುವಾಗ ಹೇಳಿದಳು:

"ನಾ ನೆಲಕ್ಕ ಕುಂಡ್ರೂದು ಬಿಟ್ರ ಇವ್ರು ಬ್ಯಾರೆ ಮನಿ ನೋಡ್ಕೋತಾರ್ರಿ. ಆಮ್ಯಾಲ ನಾ ಯಾರ ಜೋಡಿ ಮಾತಾಡ್ಲಿ?"

ನಾನಿಲ್ಲವೇ ಎಂದೆ. ಅವಳು ನನ್ನನ್ನು ನೋಡಿದ ರೀತಿಯಲ್ಲೇ ಉತ್ತರವಿತ್ತು. ನಾನು ಕೆಟ್ಟವನಲ್ಲ, ಆದರೆ ಮಾತಾಡಲು ಯೋಗ್ಯನಾದ ಮನುಷ್ಯನೂ ಅಲ್ಲ.

ಟೇಬಲ್ಲಿನ ಯೋಚನೆ ಅವಳದೇ. ಫೋನಿನಲ್ಲಿ ಯಾವುದೋ ಊರಿನ ಹೆಂಗಸು ಎತ್ತರದ ಟೇಬಲ್ಲಿನ ಮೇಲೆ ಬಟ್ಟೆ ಹರಡಿ ಹೊಲಿಯುವುದನ್ನು ನೋಡಿದ್ದಳು. ಜೋಳದ ಚೀಲ ಇಡುತ್ತಿದ್ದ ಒಳಕೋಣೆ ಖಾಲಿ ಮಾಡಿ, ಅಷ್ಟು ದೊಡ್ಡ ಟೇಬಲ್ಲು ಹಾಕಿಸಿದರೆ ಎಲ್ಲರೂ ಸುತ್ತ ಕುಳಿತು ಹೊಲಿಯಬಹುದು ಎಂಬುದು ಅವಳ ಲೆಕ್ಕ. ನಿಪ್ಪಾಣಿಯ ಫರ್ನಿಚರ್ ಅಂಗಡಿಗೆ ಹೋಗಿ ಬೆಲೆ ಕೇಳಿ ಹೊರಬಂದು, ಕಬ್ಬಿನ ಹಾಲು ಕುಡಿದೆವು. ಹಾಗೇ ಭಂಗಾರದ ಅಂಗಡಿಗೆ ಹೊಕ್ಕೆವು. ನಮ್ಮ ಕಡೆ ಗುಜರಿಗೆ ಭಂಗಾರ ಎನ್ನುತ್ತಾರೆ. ಬಂಗಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ಕೆಡವಿದ ತಂಬಾಕು ಗೋದಾಮೊಂದರ ಬಾಗಿಲುಗಳು ಗೋಡೆಗೆ ಒರಗಿ ನಿಂತಿದ್ದವು. ಒಳ್ಳೆಯ ಸಾಗವಾನಿ. ವಾಸನೆ ತೊಳೆದರೆ ಹೋಗುತ್ತದೆ ಎಂದು ಅಂಗಡಿಯವನು ಆಣೆ ಮಾಡಿದ. ಕಾಲುಗಳಿಗೆ ಅಥಣಿಯ ನನ್ನ ಸೋದರಮಾವನ ಮಗ, ಒಣದ್ರಾಕ್ಷಿ ಶೆಡ್ಡಿನಲ್ಲಿ ಉಳಿದಿದ್ದ ಕಬ್ಬಿಣದ ಪಟ್ಟಿಗಳನ್ನು ಕೊಟ್ಟ.

ಬಡಿಗನನ್ನು ಕರೆಯೋಣ ಎಂದು ನಾನು ಹೇಳಿದ್ದು ನಿಜ. ಅವಳು ಒಪ್ಪಲಿಲ್ಲ, ನಾವೇ ಮಾಡೋಣ ಎಂದಳು. ರಜೆಯ ದಿನಗಳೆಲ್ಲ ಅದಕ್ಕೇ ಹೋದವು. ನಾನು ಬಾಗಿಲ ಹಳೆಯ ಮೊಳೆ ಕೀಳುವುದು, ಅವಳು ಖುರ್ಚಿಯಲ್ಲಿ ಕುಳಿತು ಸೋಪಿನ ನೀರಲ್ಲಿ ತಿಕ್ಕುವುದು, ನಾನು ಉಜ್ಜುಕಾಗದದಿಂದ ಕೈ ಕೆರೆದುಕೊಳ್ಳುವುದು. ಅಳತೆಯ ಪಟ್ಟಿ ಎಲ್ಲೋ ಇಟ್ಟು ಮರೆತಿದ್ದೆವು. ಅದಕ್ಕೇನು, ಮೊಳ ಇದೆಯಲ್ಲ ಎಂದು, ಕಾಲು ಕತ್ತರಿಸುವ ಗುರುತನ್ನು ಒಂದು ಬದಿಗೆ ನಾನು ನನ್ನ ಮೊಳದಿಂದ ಹಾಕಿದೆ, ಇನ್ನೊಂದು ಬದಿಗೆ ಅವಳು ತನ್ನ ಮೊಳದಿಂದ ಹಾಕಿದಳು. ವೆಲ್ಡಿಂಗ್ ಆಗಿ ಬಂದು ನಿಲ್ಲಿಸಿದಾಗ ಟೇಬಲ್ಲು ಅವಳ ಕಡೆಗೆ ತಲೆಬಾಗಿ ನಿಂತಿತ್ತು. ಅವಳು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಹೆಂಚಿನ ಚೂರು ಕೊಟ್ಟು ಸಮ ಮಾಡಿದೆವು. ಇಷ್ಟು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಸೇರಿ ಮಾಡಿದ ವಸ್ತು ಅದೊಂದೇ. ಆ ದಿನಗಳಲ್ಲಿ ನಾನು ಬಹಳ ಸುಖವಾಗಿದ್ದೆ.

ಹೆಂಗಸರು ಬಂದರು. ಟೇಬಲ್ಲನ್ನು ಮುಟ್ಟಿ ನೋಡಿದರು, ಹೊಗಳಿದರು, ಮೂಗು ಮುಚ್ಚಿಕೊಂಡು ನಕ್ಕರು. ಹೊಸ ಕೌದಿಯ ಪದರ ಹರಡಿದ್ದಾಯಿತು. ಇನ್ನು ಕೂರಬೇಕು. ಮನೆಯಲ್ಲಿದ್ದದ್ದು ಎರಡು ಪ್ಲಾಸ್ಟಿಕ್ ಖುರ್ಚಿ, ಒಂದು ಸ್ಟೂಲು, ಒಂದು ಕಬ್ಬಿಣದ ಪೆಟ್ಟಿಗೆ. ನೆಲದ ಮೇಲೆ ಇಷ್ಟು ವರ್ಷ ಯಾರು ಎಲ್ಲಿ ಕೂರಬೇಕೆಂಬ ಪ್ರಶ್ನೆಯೇ ಬಂದಿರಲಿಲ್ಲ. ಅಲ್ಲಿ ಎಲ್ಲರೂ ಒಂದೇ ಎತ್ತರ. ಈಗ ಖುರ್ಚಿಯ ಮುಂದೆ ನಿಂತು ಒಬ್ಬರು ಇನ್ನೊಬ್ಬರಿಗೆ ಕೂರಿ ಕೂರಿ ಎನ್ನತೊಡಗಿದರು. ವೈನಿ ಖುರ್ಚಿಯಲ್ಲಿ ಕುಳಿತರು. ನಮ್ಮ ಹೊಲಕ್ಕೂ ಕೆಲಸಕ್ಕೆ ಬರುತ್ತಿದ್ದ ಬಾಳಕ್ಕ ಮಾತ್ರ ಕುಳಿತುಕೊಳ್ಳಲಿಲ್ಲ. ಇಂದಿರಾ ತನ್ನ ಖುರ್ಚಿಯನ್ನೇ ಅವಳ ಕಡೆಗೆ ದೂಡಿದಳು. ಬಾಳಕ್ಕ ಹಿಂದೆ ಸರಿದು ನಿಂತಳು.

"ಬ್ಯಾಡ್ರಿ ಅಕ್ಕಾರ. ನಿಮ್ಮ ಮುಂದ ಖುರ್ಚಿಮ್ಯಾಲ ಕುಂತ್ರ ನನಗ ಮಾತಽ ಬರಂಗಿಲ್ರಿ."

ಅಂದು ಅವಳು ನಿಂತೇ ಹೊಲಿದಳು. ಅವಳು ನಿಂತದ್ದಕ್ಕೆ ಉಳಿದವರಿಗೆ ಕುಳಿತಲ್ಲಿ ಸಮಾಧಾನವಿಲ್ಲ. ಖುರ್ಚಿಯಲ್ಲಿ ಕೂತವರು ಪಾವಣ್ಯಾರಂತೆ, ಬಂದ ಬೀಗರಂತೆ ಸೆರಗು ಸರಿಮಾಡಿಕೊಂಡರು. ಪಾವಣ್ಯಾರು ಬಂದರೆಂದು ಇಂದಿರಾ ಚಹಾಕ್ಕೆ ಎದ್ದಳು. ಚಹಾ ಕುಡಿದವರಿಗೆ ಹೊರಡುವ ಹೊತ್ತಾಯಿತು ಎನ್ನಿಸಿತು. ಹೊಲಿಗೆ ಶುರುವಾದ ಮೇಲೆ, ಕೋಣೆಯ ಹೊರಗೆ ಕುಳಿತಿದ್ದ ನನಗೆ ಒಂದು ಸಲವೂ ನಗೆ ಕೇಳಿಸಲಿಲ್ಲ. ಭಾರ ಹಾಕಿ ಕೂರುವವರಿಲ್ಲದೆ ಪದರಗಳು ಸರಿದು, ಕೌದಿ ಸುಕ್ಕು ಬಿತ್ತು.

ಯಾರೂ ಜಗಳವಾಡಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಒಬ್ಬರ ಮನೆಯಲ್ಲಿ ಮದುವೆ, ಇನ್ನೊಬ್ಬರಿಗೆ ಮೈಯಲ್ಲಿ ಆರಾಮಿಲ್ಲ, ಬಾಳಕ್ಕನಿಗೆ ಕಬ್ಬಿನ ಕೆಲಸ. ಬರುಬರುತ್ತ ಕಡಿಮೆಯಾಗಿ, ಬರುವುದೇ ನಿಂತಿತು. ಎಲ್ಲರೂ ಬಾಳಕ್ಕನ ಅಂಗಳದ ಬೇವಿನ ನೆರಳಲ್ಲಿ ಹೊಲಿಯುತ್ತಾರೆಂದು ನನಗೆ ತಿಳಿದಿತ್ತು. ಆ ಓಣಿಯಲ್ಲಿ ಬರುವಾಗ ಕಣ್ಣಾರೆ ಕಂಡಿದ್ದೆ. ಇಂದಿರಾಳಿಗೆ ಹೇಳಲಿಲ್ಲ. ಅವಳಿಗೂ ತಿಳಿದಿತ್ತು. ಅವಳೂ ಹೇಳಲಿಲ್ಲ.

ಒಂದು ದಿನ ಅವಳೇ ಎದ್ದು ಅಲ್ಲಿಗೆ ಹೊರಟಳು. ಬೇವಿನ ಕಟ್ಟೆಯ ಮೇಲೆ ಕುಳಿತು ಅವರಿಗೆ ಸೂಜಿ ಪೋಣಿಸಿಕೊಟ್ಟರೂ ಸಾಕು ಎಂದು ಹೋಗಿದ್ದಳು. ಬೇಗನೆ ತಿರುಗಿ ಬಂದಳು. ಏನಾಯಿತೆಂದು ಕೇಳಿದೆ.

"ಏನಾಗೂದ್ರಿ? ನನ್ನ ನೋಡಿ ಎಲ್ಲಾರೂ ಎದ್ದ ನಿಂತ್ರು. ಬಾಳಕ್ಕ ಖುರ್ಚಿ ಬೇಡಿ ತರಾಕ ಓಡಿ ಹೋದ್ಲು."

ಮರ್ಯಾದೆಗೆ ಎದುರು ಹೇಳುವುದಾದರೂ ಏನನ್ನು? ಟೇಬಲ್ಲಿನ ಕಾಲು ಕತ್ತರಿಸಿ ಗಿಡ್ಡ ಮಾಡಲೇ ಎಂದು ಕೇಳಿದೆ. ಕತ್ತರಿಸಬೇಕಾದ್ದು ಅದರ ಕಾಲನ್ನಲ್ಲ ಎಂದು ತನ್ನ ಮೊಣಕಾಲು ತೋರಿಸಿದಳು. ಆ ದಿನದ ನಂತರ ಅವಳು ಎಲ್ಲಿಗೂ ಹೋಗಲಿಲ್ಲ.

ಸುಕ್ಕು ಬಿದ್ದ ಆ ಕೌದಿ ಇನ್ನೂ ಟೇಬಲ್ಲಿನ ಮೇಲೆಯೇ ಇದೆ. ಕಳೆದ ವರ್ಷ, ನೋಡಲಾಗದೆ, ಅವಳ ಎದುರಿನ ಖುರ್ಚಿಯಲ್ಲಿ ನಾನೇ ಸಂಜೆಗಳಲ್ಲಿ ಸೂಜಿ ಹಿಡಿದು ಕೂರತೊಡಗಿದೆ. ನನ್ನ ಹೊಲಿಗೆ ಕುಡಿದವನ ನಡಿಗೆ. ಅವಳು ಬಯ್ಯುತ್ತಿದ್ದಳು. ಮರುದಿನ ನಾನು ಕಚೇರಿಯಲ್ಲಿರುವಾಗ ಬ್ಲೇಡಿನಿಂದ ಅಷ್ಟನ್ನೂ ಬಿಚ್ಚಿಹಾಕುತ್ತಿದ್ದಳು. ಸಂಜೆ ನಾನು ಅದೇ ಜಾಗದಲ್ಲಿ ಮತ್ತೆ ಹೊಲಿಯುತ್ತಿದ್ದೆ. ಕೌದಿ ಒಂದು ಗೇಣೂ ಮುಂದೆ ಹೋಗಲಿಲ್ಲ. ಆದರೆ ಬೈಗುಳವೆಂದರೂ ಮಾತೇ ತಾನೇ? ನನಗೆ ಅಷ್ಟು ಸಾಕಾಗಿತ್ತು.

ನಿನ್ನೆ ಪರಿಚಯದವರನ್ನು ಬಾಗಿಲ ತನಕ ಕಳಿಸಿ ಕೋಣೆಗೆ ಹೋದೆ. ಮೊನ್ನೆ ನಾನು ಹಾಕಿದ ಸೊಟ್ಟ ಸಾಲನ್ನು ಅವಳು ಬಿಚ್ಚಿರಲಿಲ್ಲ, ಹಾಗೇ ಇತ್ತು. ಅದರ ಹಿಂದಿನ ಸಾಲೂ ಇತ್ತು. ಅದರ ಹಿಂದಿನದೂ. ಬ್ಲೇಡು ಹುಡುಕಿ ತೆಗೆದು ನಾನೇ ಬಿಚ್ಚಲು ಕುಳಿತೆ. ಕಪ್ಪು-ಬಸಿ ಒಯ್ಯುತ್ತಿದ್ದ ಇಂದಿರಾ ಬಾಗಿಲಲ್ಲಿ ನಿಂತು ನೋಡಿದಳು.

"ಇರ್ಲಿ ಬಿಡ್ರಿ," ಎಂದಳು. "ಅದನ್ನ ಯಾರ್ ನೋಡ್ತಾರ?"

ಅವಳು ನನ್ನ ಹೊಲಿಗೆಗೆ ಬಯ್ದು ಎಷ್ಟು ದಿನವಾಯಿತೆಂದು ಅಲ್ಲೇ ಕುಳಿತು ಯೋಚಿಸಿದೆ. ನೆನಪಾಗಲಿಲ್ಲ.