ಪರೀಕ್ಷೆಗೆ ಬರೆಸಿದ ಉತ್ತರ

“ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ಇಳಿಸುವುದನ್ನು ಕಾನೂನು ನಿಷೇಧಿಸಿದೆ.” ಬನಶಂಕರಿಯ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಸಮಾಜಶಾಸ್ತ್ರದ ನೋಟ್ಸ್ ಬರೆಸುತ್ತಿದ್ದೆ. ಕಿಟಕಿ ಪಕ್ಕದ ಹುಡುಗಿ ಪೆನ್ನು ಕೆಳಗಿಟ್ಟು ಎದ್ದು ನಿಂತಳು.

“ಮಿಸ್, ನಮ್ಮಪ್ಪ ವಸಂತಪುರದಲ್ಲಿ ಮ್ಯಾನ್‌ಹೋಲ್‌ಗೆ ಇಳಿದೇ ಸತ್ತೋಗಿದ್ದು. ಆದ್ರೂ ಹಂಗೇ ಬರೀಬೇಕಾ?”

ಅವಳಿಗೆ ತಂದೆಯಿಲ್ಲ ಎಂದಷ್ಟೇ ನನಗೆ ಗೊತ್ತಿತ್ತು. ಹೇಗೆ ತೀರಿಕೊಂಡರು ಎಂದು ಒಂದು ದಿನವೂ ಕೇಳಿರಲಿಲ್ಲ. ಇಡೀ ತರಗತಿ ನನ್ನ ಮುಖವನ್ನೇ ನೋಡುತ್ತಿತ್ತು. “ಪರೀಕ್ಷೆಗೆ ಹಾಗೇ ಬರಿಯಮ್ಮ” ಎಂದುಬಿಟ್ಟೆ. ಅವಳು ಕೂತು ಬರೆದುಕೊಂಡಳು.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ನಾನು ಬರೆಸಿದ್ದನ್ನು ಒಂದಕ್ಷರವೂ ತಪ್ಪದೆ ಬರೆದಿದ್ದಳು. ಪೂರ್ತಿ ಅಂಕ ಕೊಟ್ಟೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ. ಸರಿಯುತ್ತರಕ್ಕೆ ಅಂಕ ಹಾಕುವಾಗ ನಾಚಿಕೆಯಾದದ್ದು ಅದೊಂದೇ ಸಲ.