ಗಾಳಿಯಪ್ಪನ ಮೂಗು

ಅವತ್ತು ಬೆಳಿಗ್ಗೆ ಗಾಳಿಯಪ್ಪ ಬಕೆಟ್ಟಿನಲ್ಲಿ ಬೆಲ್ಲ ಕರಗಿಸುತ್ತಿದ್ದ. ಹೆಂಡತಿ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಕಟ್ಕೊಂಡವಳಿಗೆ ಸಪ್ಪೆ ಟೀ, ಕೊಳಚೆ ಹುಳಕ್ಕೆ ಬೆಲ್ಲದ ನೀರು. ನಡೀಲಿ ರೀ, ನಡೀಲಿ."

"ಪಾಪ ಕಣೇ. ರಜಾ ಅಂತ ಅರ್ಧ ಮನೆಗೆ ಬೀಗ ಬಿದ್ದಿದೆ. ಕೊಳಚೆ ಬರ್ದಿದ್ರೆ ಅವು ಏನ್ ತಿನ್ಬೇಕು, ಮಣ್ಣಾ?"

ದೊಡ್ಡ ವಸತಿ ಕಟ್ಟಡದ ನೆಲಮಾಳಿಗೆಯಲ್ಲಿ ಕೊಳಚೆ ನೀರನ್ನು ತಿಳಿ ಮಾಡುವ ತೊಟ್ಟಿಗಳಿದ್ದವು. ಅವನ್ನು ನೋಡಿಕೊಳ್ಳುವುದು ಅವನ ಕೆಲಸ. ಕೊಳೆ ತಿನ್ನುವುದು ಬ್ಯಾಕ್ಟೀರಿಯಾ. ಅವನ ಮಾತಿನಲ್ಲಿ ಅದು ಹುಳ. ಅವಕ್ಕೆ ಕೊಳೆಯೇ ಅನ್ನ. ತಿಂದದ್ದು ಶಕ್ತಿಯಾಗಿ ಮೈಗೆ ಹತ್ತಲು ಗಾಳಿ ಬೇಕು. ಬ್ಲೋವರ್ ಯಂತ್ರ ಹಗಲೂ ರಾತ್ರಿ ತೊಟ್ಟಿಗಳ ತಳಕ್ಕೆ ಗಾಳಿ ಊದುತ್ತಿತ್ತು. ಅದರ ಸದ್ದಿಗೆ ಜನ ಗೊಣಗಿದಾಗಲೆಲ್ಲ ಅವನದು ಒಂದೇ ಮಾತು: "ಗಾಳಿ ಬೇಕು ಸಾರ್." ಹೆಸರು ಹಾಗೆ ಬಿತ್ತು.

ಅವನಿಗೆ ಮೂಗೇ ಮಾಪಕ. ತೊಟ್ಟಿಗೆ ಬಗ್ಗಿ ಮೂಸುವನು. ಹಸಿ ಮಣ್ಣಿನ ವಾಸನೆಯಿದ್ದರೆ ಎಲ್ಲ ಸರಿ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲದು.

"ಗಾಳಿ ನಿಂತ್ರೆ ಇವು ಸಾಯ್ತವೆ. ಆಗ ಗಾಳೀನೇ ಬೇಡದ ಇನ್ನೊಂದು ಜಾತಿ ಏಳುತ್ತೆ. ಅವೂ ತಿಂತವೆ, ಆದ್ರೆ ಬಿಡೋದು ವಿಷ."

"ತುತ್ತು ಬಾಯಿಗಿಡೋವಾಗ್ಲೇ ಬೇಕಾ ನಿಮ್ಮ ಪುರಾಣ?" ಎಂದು ಹೆಂಡತಿ ಬೈಯುವಳು.

ಅವತ್ತು ಸಂಜೆ ಬ್ಲೋವರಿನ ಬೆಲ್ಟ್ ಹರಿಯಿತು. ಹೊಸದು ಮಾರನೆಯ ಮಧ್ಯಾಹ್ನ ಬರುತ್ತದೆಂದರು. ಬೆಳಗಾಗುವಷ್ಟರಲ್ಲಿ ಕೊಳಚೆ ಬಂದು ಬೀಳುವ ಗುಂಡಿಯ ಪಂಪೂ ಕಟ್ಟಿಕೊಂಡಿತ್ತು. ಮುಚ್ಚಳ ತೆಗೆದರೆ ನಾತ ಮುಖಕ್ಕೆ ಹೊಡೆಯಿತಂತೆ. ಗಾಳಿಯಪ್ಪ ಅಂಚಿನಲ್ಲೇ ಬಗ್ಗಿ ಕಾದ. ಆಮೇಲೆ ಕಾವಲುಗಾರನಿಗೆ ಹೇಳಿದ, "ಹೋಯ್ತು ಕಣಯ್ಯ, ನಾತ ಹೋಯ್ತು. ಪಂಪಿಗೆ ಹಗ್ಗ ಕಟ್ತೀನಿ, ಎಳ್ಕೊ."

ಏಣಿ ಇಳಿದ. ಹಗ್ಗ ಕಟ್ಟಲಿಲ್ಲ. ಮೇಲೆ ಬರಲಿಲ್ಲ.

ಆ ವಿಷಗಾಳಿ ಹೆಚ್ಚಾದರೆ ಮೊದಲು ಸಾಯುವುದು ಮೂಗು ಎಂದು ಡಾಕ್ಟರು ಹೆಂಡತಿಗೆ ಹೇಳಿದರು. ನಾತ ಎಲ್ಲಿಗೂ ಹೋಗಿರಲಿಲ್ಲ. ಅವಳು ಕೇಳಿದ್ದು ಒಂದೇ.

"ನೋವಾಯ್ತಾ?"

"ಇಲ್ಲಮ್ಮ."

ನಂಬಿದಳು. ನಂಬದೆ ಇನ್ನೇನು ಮಾಡಿಯಾಳು?

ರಜೆ ಮುಗಿದು ಜನ ಬಂದರು. ಬೆಲ್ಟ್ ಬಂದರೂ ಹಾಕುವವರಿಲ್ಲದೆ ತೊಟ್ಟಿಯ ಹುಳಗಳೆಲ್ಲ ಸತ್ತಿದ್ದವು. ಮ್ಯಾನೇಜರು ಮನೆಗೇ ಬಂದು, ಗಂಡನ ಕೆಲಸ ಮಾಡುತ್ತೀರಾ ಎಂದರು.

"ಕೆಲಸ ಗೊತ್ತೇನಮ್ಮ?"

"ಊಟಕ್ಕೆ ಕೂತಾಗಲೆಲ್ಲ ಅದನ್ನೇ ಕೇಳಿದೀನಿ."

ಬೇರೆ ತೊಟ್ಟಿಯಿಂದ ಕೆಸರು ತಂದು ಸುರಿದರು. ಅವಳು ಬೆಲ್ಲದ ನೀರು ಹಾಕಿದಳು, ಗಾಳಿ ಬಿಟ್ಟಳು. ಹುಳ ಹೆಚ್ಚಿದವು. ಅವಕ್ಕೇನು, ಅನ್ನ ಗಾಳಿ ಸಿಕ್ಕರೆ ಒಂದಿದ್ದದ್ದು ಎರಡಾಗುತ್ತದೆ. ಮನೆಯಲ್ಲಿ ಇಬ್ಬರಿದ್ದದ್ದು ಒಬ್ಬಳಾಗಿತ್ತು.

ಅವಳು ಮೂಸುವುದಿಲ್ಲ. ದಿನಾ ಬೆಳಿಗ್ಗೆ ಗುಂಡಿಯ ಮುಚ್ಚಳದ ಬೀಗ ಜಗ್ಗಿ ನೋಡುತ್ತಾಳೆ. ಬ್ಲೋವರನ್ನು ಒಂದು ಗಳಿಗೆ ನಿಲ್ಲಿಸಿ, ಬೆಲ್ಟ್ ಬಿರುಕು ಬಿಟ್ಟಿದೆಯೇ ಎಂದು ಉದ್ದಕ್ಕೂ ಬೆರಳಾಡಿಸುತ್ತಾಳೆ. ಗೋಡೆಯ ಮೊಳೆಯಲ್ಲಿ ಇನ್ನೊಂದು ಹೊಸ ಬೆಲ್ಟ್ ತೂಗುಬಿದ್ದಿದೆ. ಅದನ್ನೂ ಮುಟ್ಟಿ ನೋಡಿ, ಯಂತ್ರ ಚಾಲೂ ಮಾಡುತ್ತಾಳೆ.